ನಾಲ್ವರು ಗೆಳೆಯರು, ಒಂದು ಬ್ಯಾಂಡು, ಕೊನೆಯ ಬಸ್ಸು

ಕಾರ್ಯಕ್ರಮದ ಟಿಕೆಟ್ ತೆಗೆಯುವ ಮುನ್ನ ವಾಪಸ್ ಬರುವ ಬಸ್ಸು ನೋಡಿಕೊಳ್ಳಿ. ಇಷ್ಟದ ಬ್ಯಾಂಡು ಬೇರೆ ಊರಿನ ಸಣ್ಣ ಜಾಗವೊಂದರಲ್ಲಿ ಹಾಡುತ್ತಿದೆ ಎಂದು ಗೆಳೆಯರನ್ನು ಕಟ್ಟಿಕೊಂಡು ಹೊರಡುವವರಿಗೆ ಹೇಳಬೇಕಾದ ಮೊದಲ ಮಾತು ಇದು. ಹೋಗುವುದು ಹೇಗೋ ಆಗುತ್ತದೆ, ಹುಮ್ಮಸ್ಸೇ ಎಳೆದುಕೊಂಡು ಹೋಗುತ್ತದೆ. ಎಡವಟ್ಟಾಗುವುದೆಲ್ಲ ಬರುವಾಗ. ರಾತ್ರಿ ಹತ್ತೂಮುಕ್ಕಾಲಿಗೆ ಗಿಟಾರಿನವನು ಮುಂದಿನ ಹಾಡಿಗೆ ತಂತಿ ಬಿಗಿ ಮಾಡಿಕೊಳ್ಳುತ್ತಿರುತ್ತಾನೆ. ಮೂರು ವರ್ಷದಿಂದ ಕಾದಿದ್ದ ಹಾಡು ಅದೇ ಎಂದು ನಿಮಗೆ ಗೊತ್ತಾಗಿರುತ್ತದೆ. ಆಗ ಪಕ್ಕದವನು ಫೋನ್ ನೋಡಿ, "ಲೋ, ಬಸ್ಸು ಹನ್ನೊಂದೂಕಾಲಿಗೆ ಕಣೋ" ಅಂದುಬಿಟ್ಟರೆ ಆ ಸಂಜೆ ಅಲ್ಲಿಗೆ ಕೆಟ್ಟಿತು.

ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ಮೈಸೂರು, ಎಲ್ಲಿಂದ ಹೊರಟರೂ ನಮ್ಮಲ್ಲಿ ಇಂಥ ಪ್ರಯಾಣ ಬಹುಪಾಲು ಬೆಂಗಳೂರಿಗೇ. ಟಿಕೆಟ್ ಇಟ್ಟು, ಸ್ವಂತ ಹಾಡು ಹಾಡುವ ಬ್ಯಾಂಡ್‌ಗಳನ್ನು ವಾರ ವಾರ ಕರೆಸುವ ಸಣ್ಣ ಜಾಗಗಳು ಅಲ್ಲೇ ಹೆಚ್ಚು. ಬ್ಯಾಂಡ್‌ಗಳೂ ಅಲ್ಲೇ ಹೆಚ್ಚು: ರಘು ದೀಕ್ಷಿತ್ ಪ್ರಾಜೆಕ್ಟ್, ಸ್ವರಾತ್ಮ, ಕರ್ನಾಟಕ ಸಂಗೀತವನ್ನು ರಾಕ್‌ಗೆ ಬೆಸೆದ ಅಗಂ, 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್. ಇವರನ್ನೆಲ್ಲ ಯುವ ದಸರಾದಂಥ ಮೈದಾನದಲ್ಲೋ ಕಾಲೇಜು ಫೆಸ್ಟಿನಲ್ಲೋ ಬಿಟ್ಟಿಯಾಗಿ ನೋಡಬಹುದಲ್ಲ ಎಂದು ಮನೆಯವರು ಕೇಳುತ್ತಾರೆ. ನೋಡಬಹುದು. ಆದರೆ ಅಲ್ಲಿ ನೀವು ನೋಡುವುದು ಬಹುಪಾಲು ಎಲ್‌ಇಡಿ ಪರದೆಯನ್ನು. ಇನ್ನೂರು ಮುನ್ನೂರು ಜನ ಹಿಡಿಸುವ ಕೋಣೆಯಲ್ಲಿ ಡ್ರಮ್ಮಿನ ಏಟು ನೆಲದಿಂದ ಪಾದಕ್ಕೆ ಹತ್ತುತ್ತದೆ, ಹಾಡುಗಾರ ಮೈಕಿನಿಂದ ದೂರ ಸರಿದು ಉಸಿರೆಳೆದುಕೊಳ್ಳುವುದೂ ಕೇಳುತ್ತದೆ. ಹುಬ್ಬಳ್ಳಿ ಕಡೆಯವರಿಗೆ ಇದರಲ್ಲಿ ಒಂದು ತಮಾಷೆಯೂ ಉಂಟು. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಿಂದಲೂ ಶಿಶುನಾಳ ಶರೀಫರ ಪದಗಳನ್ನು ಹಾಡುತ್ತಾ ಬಂದವರು. ಶಿಗ್ಗಾವಿ ತಾಲ್ಲೂಕಿನ ಪದ ಕೇಳಲು ಅಲ್ಲಿನವರು ನಾನೂರು ಕಿಲೋಮೀಟರ್ ಬಂದು, ಬಾಗಿಲಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಒಳಹೋಗುತ್ತಾರೆ!

ಮೊದಲು ಜಾಗ ಯಾವುದು ನೋಡಿ

ಬೆಂಗಳೂರಿನ ಸಂಗೀತದ ಜಾಗಗಳು ಹುಟ್ಟುವಷ್ಟೇ ಬೇಗ ಮುಚ್ಚುತ್ತವೆ. 2013ರಲ್ಲಿ ಇಂದಿರಾನಗರದಲ್ಲಿ ಶುರುವಾದ ಹಮ್ಮಿಂಗ್ ಟ್ರೀ ಒಂದು ತಲೆಮಾರಿನ ಬ್ಯಾಂಡ್‌ಗಳಿಗೆ ತವರಾಗಿತ್ತು. 2019ರಲ್ಲಿ ಬಾಗಿಲು ಹಾಕಿತು. ಅದಕ್ಕೂ ಮುಂಚೆ 2018ರಲ್ಲಿ, ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿಗೆ ಸಂಬಂಧಿಸಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ, ಪೊಲೀಸರು ಪರವಾನಗಿ ಕೇಳತೊಡಗಿ ಎಷ್ಟೋ ಪಬ್‌ಗಳಲ್ಲಿ ಸಂಗೀತವೇ ನಿಂತುಹೋಗಿತ್ತು. ಆದ್ದರಿಂದ ಎರಡು ವರ್ಷದ ಹಿಂದೆ ಯಾರೋ ಹೇಳಿದ ಹೆಸರನ್ನು ನಂಬಿಕೊಂಡು ಹೊರಡಬೇಡಿ. ಬ್ಯಾಂಡಿನ ಇನ್‌ಸ್ಟಾಗ್ರಾಂ ಜೊತೆಗೆ ಆ ಜಾಗದ ಇನ್‌ಸ್ಟಾಗ್ರಾಂ ಪುಟವನ್ನೂ ಫಾಲೋ ಮಾಡಿ. ಬ್ಯಾಂಡಿನವರು ತಿಂಗಳ ಪಟ್ಟಿ ಹಾಕಿ ಸುಮ್ಮನಾಗುತ್ತಾರೆ. ಸಮಯ ಬದಲಾದದ್ದು, ಬಾಗಿಲು ತೆರೆಯುವ ಹೊತ್ತು, ಯಾರು ಮೊದಲು ಹಾಡುತ್ತಾರೆ ಎಂಬುದೆಲ್ಲ ಜಾಗದವರ ಸ್ಟೋರಿಯಲ್ಲೇ ಮೊದಲು ಬರುವುದು.

ಜಾಗ ಎಂಥದು ಎನ್ನುವುದರ ಮೇಲೆ ನಿಮ್ಮ ಇಡೀ ಸಂಜೆ ನಿಂತಿರುತ್ತದೆ. ಕೋರಮಂಗಲದ ಫ್ಯಾಂಡಮ್‌ನಂಥ ಪಬ್‌ಗಳಲ್ಲಿ ನಿಂತು ಕೇಳುವುದು, ಕುಣಿಯುವುದು, ಪಕ್ಕದವನ ಬಿಯರ್ ಅಂಗಿಗೆ ಚೆಲ್ಲಿಸಿಕೊಳ್ಳುವುದು ಎಲ್ಲ ಇರುತ್ತದೆ. ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಲ್ಲಿ ಕೂತು, ಊಟ ಮಾಡುತ್ತಾ, ಮಾತು ಕಡಿಮೆ ಮಾಡಿ ಕೇಳುವ ರೂಢಿ. ಜಾಝ್ ಅಲ್ಲಿ ಹೆಚ್ಚು. ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗೀತದ ಮ್ಯೂಸಿಯಂ. ಬೆಳಗ್ಗೆಯೇ ಊರು ತಲುಪಿದವರು ಹಗಲು ಮ್ಯೂಸಿಯಂ ನೋಡಿ, ಅಲ್ಲೇ ಕಾರ್ಯಕ್ರಮವಿದ್ದರೆ ಸಂಜೆ ಅದನ್ನೂ ಕೇಳಬಹುದು. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ಎಷ್ಟೋ ಕಾರ್ಯಕ್ರಮ ಉಚಿತ, ಮೊದಲೇ ಹೆಸರು ನೋಂದಾಯಿಸಿದರೆ ಸಾಕು. ಇನ್ನೊಂದು ನಮೂನೆ ಸೋಫಾರ್ ಸೌಂಡ್ಸ್. 2009ರಲ್ಲಿ ಲಂಡನ್‌ನಲ್ಲಿ ಶುರುವಾದದ್ದು, ಬೆಂಗಳೂರಿನಲ್ಲೂ ನಡೆಯುತ್ತದೆ. ಯಾರು ಹಾಡುತ್ತಾರೆ ಎಂದು ಹೇಳುವುದಿಲ್ಲ, ಜಾಗ ಯಾವುದೆಂಬುದೂ ಹಿಂದಿನ ದಿನದ ಹೊತ್ತಿಗೆ ತಿಳಿಯುತ್ತದೆ. ಬೆಂಗಳೂರಿನವರಿಗೆ ಅದು ಚೆಂದ. ಊರಿನಿಂದ ಬರುವವರು ರೂಮು ಎಲ್ಲಿ ಹಿಡಿಯಬೇಕು ಎಂದೇ ಗೊತ್ತಾಗದೆ ಒದ್ದಾಡಬೇಕಾಗುತ್ತದೆ.

ಬಾರ್ ಇರುವ ಕಡೆ ಇಪ್ಪತ್ತೊಂದು ತುಂಬದವರನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಕಾಲೇಜಿನ ತಮ್ಮನನ್ನೋ ತಂಗಿಯನ್ನೋ ಕರೆದುಕೊಂಡು ಹೊರಟವರು ಟಿಕೆಟ್ ಪುಟದ ಕೆಳಗಿನ ಸಣ್ಣ ಅಕ್ಷರಗಳನ್ನು ಓದಲೇಬೇಕು. ಬಾಗಿಲಲ್ಲಿ ನಿಂತ ಬೌನ್ಸರ್ ಹತ್ತಿರ "ಅಣ್ಣಾ, ಬರೀ ಹಾಡು ಕೇಳೋಕೆ ಬಂದಿದೀವಿ" ಅಂದರೆ ಕೆಲಸವಾಗುವುದಿಲ್ಲ. ಗುರುತಿನ ಚೀಟಿ ಪ್ರತಿಯೊಬ್ಬರ ಹತ್ತಿರವೂ ಇರಲಿ. ಫೋನಿನ ಗ್ಯಾಲರಿಯಲ್ಲಿರುವ ಆಧಾರ್ ಫೋಟೊ ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ನಡೆಯುವುದಿಲ್ಲ. ಮೂಲ ಕಾರ್ಡ್ ಇಟ್ಟುಕೊಂಡರೆ ಲಾಡ್ಜಿನಲ್ಲೂ ರೈಲಿನಲ್ಲೂ ಅದೇ ಆಗುತ್ತದೆ.

ಎಷ್ಟು ಜನ?

ನಾಲ್ಕು. ಇದು ನನ್ನ ಹಟ ಅಂದುಕೊಳ್ಳಿ, ಆದರೆ ಲೆಕ್ಕವೂ ಹಾಗೇ ಕೂಡಿಬರುತ್ತದೆ. ಕ್ಯಾಬಿನಲ್ಲಿ ಹಿಡಿಸುವುದು ನಾಲ್ಕೇ ಜನ. ಎರಡು ಡಬಲ್ ರೂಮು ಸರಿಹೋಗುತ್ತದೆ. ಕೆಎಸ್‌ಆರ್‌ಟಿಸಿಯಲ್ಲಿ ನಾಲ್ಕು ಅಥವಾ ಹೆಚ್ಚು ಜನರನ್ನು ಒಂದೇ ಟಿಕೆಟ್‌ನಲ್ಲಿ ಮುಂಗಡ ಬುಕ್ ಮಾಡಿದರೆ ಶೇ 5 ರಿಯಾಯಿತಿ ಸಿಗುತ್ತದೆ, ಹೋಗುವ ಬರುವ ಎರಡೂ ಟಿಕೆಟ್ ಒಟ್ಟಿಗೆ ತೆಗೆದರೆ ವಾಪಸ್ ಪ್ರಯಾಣಕ್ಕೆ ಶೇ 10. ಐದನೆಯವನು ಸೇರಿದ ಕೂಡಲೇ ಎರಡು ಕ್ಯಾಬು, ಮೂರನೇ ರೂಮು, "ನಾನು ಆಟೊದಲ್ಲಿ ಬರ್ತೀನಿ ನೀವು ಹೋಗಿ" ಎಂಬ ನಾಟಕ ಶುರುವಾಗುತ್ತದೆ. ಆಟೊದಲ್ಲಿ ಮೂರೇ ಜನ ಎಂಬುದು ನೆನಪಿರಲಿ. ರಾತ್ರಿ ಹನ್ನೊಂದಕ್ಕೆ ನಾಲ್ವರನ್ನು ಹತ್ತಿಸಿಕೊಳ್ಳುವ ಆಟೊದವರು ಕೇಳುವ ದುಡ್ಡಿಗೆ ಎರಡು ಆಟೊ ಬರುತ್ತವೆ.

ಯಾರನ್ನು ಕರೆಯಬೇಕು ಎಂಬುದು ಎಷ್ಟು ಜನ ಎಂಬುದಕ್ಕಿಂತ ನಾಜೂಕಿನ ವಿಷಯ. ನಾಲ್ವರಿಗೂ ಆ ಬ್ಯಾಂಡಿನ ಹುಚ್ಚು ಇರಬೇಕಾಗಿಲ್ಲ. ಇಬ್ಬರು ಹುಚ್ಚರು, ಒಬ್ಬ ಸಾಧಾರಣ ಕೇಳುಗ, "ಬೆಂಗಳೂರಿಗೆ ಹೋದ ಹಾಗಾಯ್ತು" ಎಂದು ಬರುವ ಇನ್ನೊಬ್ಬ ಇದ್ದರೆ ಗುಂಪು ಚೆನ್ನಾಗಿರುತ್ತದೆ. ಈ ನಾಲ್ಕನೆಯವನೇ ಬಸ್ಸಿನ ಸಮಯ ನೆನಪಿಟ್ಟುಕೊಳ್ಳುವವನು, ಎಲ್ಲರ ಬ್ಯಾಗು ಕಾಯುವವನು, ಮಾರನೆಯ ದಿನ ಒಳ್ಳೆಯ ತಿಂಡಿ ಎಲ್ಲಿದೆ ಎಂದು ಹುಡುಕಿಟ್ಟವನು. ತಪ್ಪಿಸಬೇಕಾದವನು ಬೇರೆ: ಬರುತ್ತೇನೆ ಎಂದು ಹೊರಡುವ ಹಿಂದಿನ ರಾತ್ರಿವರೆಗೂ ದುಡ್ಡು ಹಾಕದವನು. ಟಿಕೆಟ್ ತೆಗೆಯುವ ದಿನವೇ ಫೋನ್‌ಪೇ ಮಾಡದವನ ಹೆಸರಲ್ಲಿ ಟಿಕೆಟ್ ತೆಗೆಯಬೇಡಿ. ಇಂಥ ಟಿಕೆಟ್‌ಗಳಲ್ಲಿ ಹೆಚ್ಚಿನವು ರದ್ದು ಮಾಡಲು ಬರುವುದಿಲ್ಲ, ಕೊನೇ ಗಳಿಗೆಯಲ್ಲಿ ಒಂದು ಟಿಕೆಟ್ ಮಾರುವುದೂ ಸುಲಭವಲ್ಲ.

ಟಿಕೆಟ್ ಈಗ ಹೆಚ್ಚಾಗಿ ಬುಕ್‌ಮೈಶೋ, ಡಿಸ್ಟ್ರಿಕ್ಟ್, ಸ್ಕಿಲ್‌ಬಾಕ್ಸ್‌ಗಳಲ್ಲಿ ಸಿಗುತ್ತದೆ. ಪುಟದಲ್ಲಿ ಕಾಣುವ ದರವೇ ಕೊನೆಯ ದರ ಎಂದುಕೊಳ್ಳಬೇಡಿ. ಸಂಗೀತ ಕಾರ್ಯಕ್ರಮದ ಪ್ರವೇಶ ದರ ₹500ರವರೆಗೆ ಇದ್ದರೆ ಜಿಎಸ್‌ಟಿ ಇಲ್ಲ, ಅದಕ್ಕಿಂತ ಹೆಚ್ಚಾದರೆ ಶೇ 18. ₹499 ಎಂಬ ಅಂಕಿ ಅಷ್ಟೊಂದು ಕಡೆ ಕಾಣುವುದಕ್ಕೆ ಇದೂ ಒಂದು ಕಾರಣವಿರಬಹುದು. ₹600ರ ಟಿಕೆಟ್ ಕೈಗೆ ಬರುವಾಗ ₹708 ಆಗಿರುತ್ತದೆ, ಆಮೇಲೆ ಬುಕಿಂಗ್ ಶುಲ್ಕ ಬೇರೆ. ಪಬ್‌ಗಳಲ್ಲಿ ಕವರ್ ಚಾರ್ಜ್ ಎಂಬುದೊಂದಿದೆ: ಬಾಗಿಲಲ್ಲಿ ಕೊಟ್ಟ ಸಾವಿರ ರೂಪಾಯಿಯಷ್ಟು ಒಳಗೆ ತಿನ್ನಬಹುದು, ಕುಡಿಯಬಹುದು. ಟಿಕೆಟ್‌ನಲ್ಲಿ ಕವರ್ ಸೇರಿದೆಯೋ, ಬರೀ ಪ್ರವೇಶವೋ ಎಂದು ನೋಡಿಕೊಳ್ಳಿ. ಸೇರಿದ್ದರೆ ಹೊರಗೆ ಊಟ ಮಾಡಿ ಬರುವುದು ದಡ್ಡತನ. ಸೇರಿಲ್ಲದಿದ್ದರೆ ಹತ್ತಿರದ ದರ್ಶಿನಿಯಲ್ಲಿ ಹೊಟ್ಟೆ ತುಂಬಿಸಿಕೊಂಡು ಹೋಗುವುದೇ ಜಾಣತನ. ಒಳಗಿನ ಒಂದು ತಟ್ಟೆ ಫ್ರೆಂಚ್ ಫ್ರೈಸ್ ದುಡ್ಡಿಗೆ ಹೊರಗೆ ನಾಲ್ವರ ತಿಂಡಿ ಮುಗಿಯುತ್ತದೆ. ಬಿಲ್ಲಿನಲ್ಲಿ ಸರ್ವೀಸ್ ಚಾರ್ಜ್ ಸೇರಿಸಿದ್ದರೆ ಕೊಡಲೇಬೇಕೆಂದಿಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಆದರೆ ಬಡಿಸಿದ ಹುಡುಗನಿಗೆ ಕೈಯಲ್ಲಿ ಏನಾದರೂ ಕೊಟ್ಟು ಬನ್ನಿ.

ಖರ್ಚೆಲ್ಲ ಒಬ್ಬನ ಕೈಯಲ್ಲಿ ಆಗಲಿ. ಮೊದಲೇ ಒಂದಿಷ್ಟು ಅವನಿಗೆ ಹಾಕಿ, ಮುಗಿದ ಮೇಲೆ ಲೆಕ್ಕ ನೋಡಿ. ಪ್ರತಿ ಚಹಾಕ್ಕೂ ನಾಲ್ಕು ಫೋನು ಹೊರಬಂದು ಸ್ಕ್ಯಾನ್ ಮಾಡುತ್ತಾ ನಿಂತರೆ ಅರ್ಧ ಸಂಜೆ ಅದರಲ್ಲೇ ಹೋಗುತ್ತದೆ.

ಹೋಗುವುದು, ಅದಕ್ಕಿಂತ ಹೆಚ್ಚಾಗಿ ಬರುವುದು

ಮೈಸೂರಿನವರು ಅದೃಷ್ಟವಂತರು. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ರಾತ್ರಿಯಿಡೀ ಬಸ್ಸು ಇರುತ್ತದೆ, ಕಾಯ್ದಿರಿಸದೆಯೂ ಹತ್ತಬಹುದು. ಹೀಗಾಗಿ ಅವರಿಗೆ ರೂಮಿನ ಖರ್ಚೇ ಇಲ್ಲ. ಬೈಕಿನಲ್ಲಿ ಹೋಗೋಣ ಎನ್ನುವ ಗೆಳೆಯನೊಬ್ಬ ಎಲ್ಲ ಗುಂಪಿನಲ್ಲೂ ಇರುತ್ತಾನೆ. ಅವನಿಗೆ ಹೇಳಿ, 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು, ಆಟೊ ಬಿಡುವುದಿಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಕಾರಿನವರು ಓಡಿಸುವವನನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಅವನು ಕುಡಿಯಬಾರದು ಎಂಬುದು ಎಲ್ಲರಿಗೂ ಗೊತ್ತು. ಬೆಳಗ್ಗೆಯಿಂದ ಆಫೀಸಿನಲ್ಲಿ ದುಡಿದು ಬಂದವನಾಗಿರಬಾರದು ಎಂಬುದನ್ನು ಮಾತ್ರ ಮರೆಯುತ್ತಾರೆ. ಎರಡು ಗಂಟೆ ನಿಂತು ಹಾಡು ಕೇಳಿದ ಮೇಲೆ ರಾಮನಗರ ದಾಟುವಾಗ ಬರುವ ನಿದ್ದೆಗೆ ಕಾಫಿ ಸಾಲುವುದಿಲ್ಲ.

ಉತ್ತರದ ಕಡೆಯವರ ಕಷ್ಟ ಬೇರೆ. ಧಾರವಾಡದ ವಂದೇ ಭಾರತ್ ಮಧ್ಯಾಹ್ನ ಬಿಟ್ಟು ಬೆಂಗಳೂರು ಸೇರುವಾಗ ಸಂಜೆ ಏಳೂವರೆ ಕಳೆದಿರುತ್ತದೆ. ಅಲ್ಲಿಂದ ಕೋರಮಂಗಲಕ್ಕೋ ವೈಟ್‌ಫೀಲ್ಡ್‌ಗೋ ಶನಿವಾರದ ಟ್ರಾಫಿಕ್ಕಿನಲ್ಲಿ ತಲುಪುವ ಹೊತ್ತಿಗೆ ಮೊದಲ ನಾಲ್ಕು ಹಾಡು ಮುಗಿದಿರುತ್ತವೆ. ಅದೇ ರೈಲು ಬೆಂಗಳೂರಿನಿಂದ ಹೊರಡುವುದು ಬೆಳಗ್ಗೆ ಆರಕ್ಕೂ ಮುಂಚೆ. ಹಿಂದಿನ ರಾತ್ರಿ ಹಾಡು ಕೇಳಿ ಮಲಗಿದವರು ಅದಕ್ಕೆ ಏಳುತ್ತಾರೆ ಎಂದು ನಾನಂತೂ ನಂಬುವುದಿಲ್ಲ. ಹಾಗಾಗಿ ಶುಕ್ರವಾರ ರಾತ್ರಿ ರೈಲು ಹತ್ತಿ, ಶನಿವಾರ ಬೆಳಗ್ಗೆ ಇಳಿದು, ಸಂಜೆಯವರೆಗೆ ಸುಧಾರಿಸಿಕೊಳ್ಳುವುದು ಒಳ್ಳೆಯದು. ರೈಲಿನ ಮುಂಗಡ ಬುಕಿಂಗ್ ಈಗ 60 ದಿನಕ್ಕೆ ತೆರೆಯುತ್ತದೆ. ಸಣ್ಣ ಜಾಗದ ಕಾರ್ಯಕ್ರಮ ಘೋಷಣೆಯಾಗುವುದೇ ಎಷ್ಟೋ ಸಲ ಮೂರು ವಾರ ಮುಂಚೆ, ಅಷ್ಟರಲ್ಲಿ ವಾರಾಂತ್ಯದ ಸೀಟು ವೇಟಿಂಗ್ ಲಿಸ್ಟಿಗೆ ಹೋಗಿರುತ್ತದೆ. ತತ್ಕಾಲ್ ಅನ್ನೇ ನೆಚ್ಚಿಕೊಳ್ಳಬೇಡಿ. ಹಿಂದಿನ ದಿನ ಬೆಳಗ್ಗೆ ಎಸಿಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುವ ಅದರಲ್ಲಿ ನಾಲ್ಕು ಬರ್ತ್ ಒಟ್ಟಿಗೆ ಸಿಗುವುದು ಪುಣ್ಯ.

ಮಹಿಳೆಯರಿದ್ದರೆ ಶಕ್ತಿ ಯೋಜನೆಯೂ ಲೆಕ್ಕಕ್ಕೆ ಬರುತ್ತದೆ. 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ರಾಜಹಂಸ, ಐರಾವತದಂಥವಕ್ಕೆ ಅನ್ವಯಿಸುವುದಿಲ್ಲ. ಶಿವಮೊಗ್ಗದಿಂದ ಹಗಲು ಹೊತ್ತು ಬರುವವರಿಗೆ ಇದು ಚೆನ್ನಾಗಿ ಒದಗುತ್ತದೆ. ರಾತ್ರಿ ಪ್ರಯಾಣಕ್ಕೆ ಮಾತ್ರ ದುಡ್ಡು ಕೊಟ್ಟು ಸ್ಲೀಪರ್ ಹಿಡಿಯುವುದೇ ವಾಸಿ.

ಈ ರಾತ್ರಿ ಬಸ್ಸಿನಲ್ಲಿ ಒಂದು ಕಿಟುಕು ಇದೆ. ಹುಬ್ಬಳ್ಳಿ, ದಾವಣಗೆರೆ ಕಡೆಯ ಖಾಸಗಿ ಬಸ್ಸುಗಳು ಆನಂದ ರಾವ್ ವೃತ್ತದ ಸುತ್ತಮುತ್ತ ಹೊರಟು ಯಶವಂತಪುರ, ಗೊರಗುಂಟೆಪಾಳ್ಯದಲ್ಲಿ ಜನ ಹತ್ತಿಸಿಕೊಂಡು ಹೋಗುತ್ತವೆ. ಬುಕ್ ಮಾಡುವಾಗ ಬೋರ್ಡಿಂಗ್ ಪಾಯಿಂಟ್ ಆಗಿ ಗೊರಗುಂಟೆಪಾಳ್ಯ ಹಾಕಿದರೆ ಅರ್ಧ ಗಂಟೆಯಾದರೂ ಹೆಚ್ಚು ಸಿಗುತ್ತದೆ, ಅಂದರೆ ಐದಾರು ಹಾಡು. ಇದು ಊರಿನ ಪಶ್ಚಿಮ ಭಾಗದ ಜಾಗಗಳಿಗೆ ಸರಿ. ವೈಟ್‌ಫೀಲ್ಡ್‌ನಲ್ಲಿ ಕಾರ್ಯಕ್ರಮವಿದ್ದರೆ ಅದೇ ರಾತ್ರಿ ವಾಪಸ್ ಹೊರಡುವ ಯೋಚನೆಯನ್ನೇ ಬಿಟ್ಟು ರೂಮು ಹಿಡಿಯಿರಿ.

ರೂಮು ಹಿಡಿಯುವಾಗ ಕಾರ್ಯಕ್ರಮದ ಜಾಗಕ್ಕೆ ಹತ್ತಿರ ಹುಡುಕುವುದಕ್ಕಿಂತ ಮೆಟ್ರೊಗೆ ಹತ್ತಿರ ಹುಡುಕಿ. ಇಂದಿರಾನಗರದಲ್ಲಿ ಒಂದು ರಾತ್ರಿಗೆ ಕೊಡುವ ದುಡ್ಡಿಗೆ ಮೆಜೆಸ್ಟಿಕ್, ಗಾಂಧಿನಗರದಲ್ಲಿ ಎರಡು ರೂಮು ಬರಬಹುದು. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ, ಎಂ.ಜಿ. ರಸ್ತೆ, ಇಂದಿರಾನಗರ ಅದರ ಮೇಲೇ ಇವೆ. ಜೆ.ಪಿ. ನಗರದ ಕಡೆಗೆ ಹಸಿರು ಮಾರ್ಗ, ಎರಡೂ ಸೇರುವುದು ಮೆಜೆಸ್ಟಿಕ್‌ನಲ್ಲಿ. ಕೋರಮಂಗಲದ ನಡುವಿಗೆ ಮೆಟ್ರೊ ಇಲ್ಲ, ಕ್ಯಾಬಿನ ದುಡ್ಡು ತೆಗೆದಿಡಿ. ಕೊನೆಯ ರೈಲು ತುದಿ ನಿಲ್ದಾಣಗಳಿಂದ ಹೊರಡುವುದು ರಾತ್ರಿ 11ರ ಆಸುಪಾಸು, ವಾರದ ದಿನಕ್ಕೂ ಭಾನುವಾರಕ್ಕೂ ವ್ಯತ್ಯಾಸ ಇರುತ್ತದೆ. ಅವತ್ತಿನ ಸಮಯ ನೋಡಿಕೊಂಡೇ ಒಳಹೋಗಿ. ಬೆಳಗ್ಗೆ ಐದಕ್ಕೆ ರೈಲಿಳಿಯುವವರು ಮಧ್ಯಾಹ್ನ ಹನ್ನೆರಡಕ್ಕೆ ಚೆಕ್‌ಇನ್ ಎನ್ನುವ ಹೋಟೆಲನ್ನು ಬುಕ್ ಮಾಡಿ ಮೆಟ್ಟಿಲ ಮೇಲೆ ಕೂರಬೇಡಿ. ಮೆಜೆಸ್ಟಿಕ್ ಕಡೆಯ ಎಷ್ಟೋ ಲಾಡ್ಜ್‌ಗಳಲ್ಲಿ ಬಂದ ಹೊತ್ತಿನಿಂದ 24 ಗಂಟೆಯ ಲೆಕ್ಕ. ಬೆಳಗಿನ ಹೊತ್ತಿಗಷ್ಟೇ ಬೇಕಿದ್ದರೆ ರೈಲ್ವೆಯ ರಿಟೈರಿಂಗ್ ರೂಮ್ ಇದೆ, ಪಿಎನ್‌ಆರ್ ಮೇಲೆ ಬುಕ್ ಮಾಡಬಹುದು.

ಚಿಕ್ಕಮ್ಮನ ಮನೆ ವಿಜಯನಗರದಲ್ಲೇ ಇದೆಯಲ್ಲ, ರೂಮು ಯಾಕೆ ಎಂದು ಅಮ್ಮ ಕೇಳುತ್ತಾರೆ. ಖಂಡಿತ ಹೋಗಿ, ಮಾರನೆಯ ದಿನ ಮಧ್ಯಾಹ್ನ ಊಟಕ್ಕೆ ಹೋಗಿ. ಕಾರ್ಯಕ್ರಮದ ರಾತ್ರಿ ಹೋದರೆ ಎಂಟೂವರೆಗೆ "ಎಲ್ಲಿದೀಯೋ, ಸಾರು ಆರ್ತಿದೆ" ಎಂಬ ಫೋನು ಬರುತ್ತದೆ. ಹನ್ನೆರಡು ಗಂಟೆಗೆ ನಾಲ್ವರು ಗಂಡಸರು ಬೆವರು ನಾತದಲ್ಲಿ ಬಾಗಿಲು ತಟ್ಟಿದರೆ ಆ ಮನೆಗೆ ಮತ್ತೆ ಮುಖ ತೋರಿಸುವುದು ಕಷ್ಟ.

ಒಳಗೆ ಹೋದ ಮೇಲೆ

ಟಿಕೆಟ್‌ನಲ್ಲಿ ಎಂಟು ಗಂಟೆ ಎಂದಿದ್ದರೆ ಅದು ಬಾಗಿಲು ತೆರೆಯುವ ಹೊತ್ತೋ ಹಾಡು ಶುರುವಾಗುವ ಹೊತ್ತೋ ತಿಳಿದುಕೊಳ್ಳಿ. ಪಬ್‌ಗಳಲ್ಲಿ ಎಂಟಕ್ಕೆ ಬಾಗಿಲು ತೆಗೆದು, ಎಂಟೂಮುಕ್ಕಾಲಿಗೆ ಇನ್ನೊಂದು ಸಣ್ಣ ತಂಡ ಹಾಡಿ, ಅವರ ಸಾಮಾನು ಇಳಿಸಿ ಇವರದು ಜೋಡಿಸಿ, ನೀವು ಬಂದ ಬ್ಯಾಂಡು ಏರುವಾಗ ಒಂಬತ್ತೂವರೆ ಆಗಿರುವುದು ಮಾಮೂಲು. ಸಭಾಂಗಣಗಳಲ್ಲಿ ಇದು ನಡೆಯದು. ಜೆ.ಪಿ. ನಗರದ ರಂಗಶಂಕರದಲ್ಲಂತೂ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುತ್ತಾರೆ, ತಡವಾದವರಿಗೆ ಪ್ರವೇಶವಿಲ್ಲ. ಊರಿಂದ ಬಂದಿದ್ದೇವೆ ಎಂದರೂ ಇಲ್ಲ. ಪಬ್‌ಗಳಲ್ಲಿ ಮೊದಲು ಹಾಡುವ ಆ ಸಣ್ಣ ತಂಡವನ್ನು ತಪ್ಪಿಸಬೇಡಿ ಎಂಬುದು ನನ್ನ ಸಲಹೆ. ಮುಂದಿನ ಸಲ ನೀವು ಬಸ್ಸು ಹತ್ತುವುದು ಅವರಿಗಾಗಿಯೇ ಇರಬಹುದು.

ಎಲ್ಲಿ ನಿಲ್ಲಬೇಕು? ಎಲ್ಲರೂ ಮುಂದಕ್ಕೆ ನುಗ್ಗುತ್ತಾರೆ. ಸಣ್ಣ ಕೋಣೆಯಲ್ಲಿ ಅತಿ ಮುಂದಿನ ಸಾಲು ನೋಡಲು ಚೆಂದ, ಕೇಳಲು ಅಷ್ಟಕ್ಕಷ್ಟೆ. ಹಾಡುಗಾರನ ದನಿ ಬರುವುದು ವೇದಿಕೆಯ ಎರಡೂ ಬದಿಯ ದೊಡ್ಡ ಸ್ಪೀಕರ್‌ಗಳಿಂದ, ಅವು ನಿಮ್ಮ ತಲೆ ದಾಟಿ ಹಿಂದಿನವರ ಕಡೆ ಮುಖ ಮಾಡಿರುತ್ತವೆ. ನಿಮ್ಮ ಎದುರಿಗಿರುವುದು ಡ್ರಮ್ಮು ಮತ್ತು ಗಿಟಾರಿನ ಆಂಪ್ಲಿಫೈಯರ್. ಹಾಗಾಗಿ ಮುಂದೆ ನಿಂತವರಿಗೆ ಮಾತೇ ಕೇಳದೆ ಬರೀ ಬಡಿತ ಕೇಳುತ್ತದೆ. ಕೋಣೆಯ ಹಿಂಭಾಗದಲ್ಲಿ ದೀಪ ಮಿನುಗುವ ದೊಡ್ಡ ಮಿಕ್ಸರ್ ಮುಂದೆ ಒಬ್ಬರು ಕೂತಿರುತ್ತಾರೆ, ಅವರೇ ಸೌಂಡ್ ಇಂಜಿನಿಯರ್. ಅವರು ತಮ್ಮ ಕಿವಿಗೆ ಸರಿ ಎನಿಸುವಂತೆ ದನಿ ಹೊಂದಿಸುತ್ತಾರಾದ್ದರಿಂದ ಅವರ ಮುಂದೆ ಎರಡು ಹೆಜ್ಜೆ ದೂರದಲ್ಲಿ ನಿಂತರೆ ಕೋಣೆಯ ಅತ್ಯುತ್ತಮ ಸದ್ದು ನಿಮ್ಮದು. ಎರಡು ಹಾಡು ಮುಂದೆ ನಿಂತು ಬೆರಳುಗಳನ್ನು ನೋಡಿ, ಕಾಲಡಿಯ ಪೆಡಲ್‌ಗಳನ್ನು ಪಾದದಿಂದ ಒತ್ತುವುದನ್ನು ನೋಡಿ, ನೆಲಕ್ಕೆ ಟೇಪ್ ಹಾಕಿ ಅಂಟಿಸಿದ ಹಾಡುಗಳ ಪಟ್ಟಿಯನ್ನು ತಲೆಕೆಳಗಾಗಿ ಓದಲು ಪ್ರಯತ್ನಿಸಿ. ಆಮೇಲೆ ಹಿಂದಕ್ಕೆ ಬನ್ನಿ.

ಕಿವಿಯ ವಿಷಯ ತಮಾಷೆಯದಲ್ಲ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು ಎಂಬುದು ಔದ್ಯೋಗಿಕ ಆರೋಗ್ಯ ತಜ್ಞರ ಮಿತಿ. ಪ್ರತಿ 3 ಡೆಸಿಬಲ್ ಹೆಚ್ಚಾದಂತೆ ಆ ಸಮಯ ಅರ್ಧಕ್ಕರ್ಧ ಇಳಿಯುತ್ತದೆ. 100 ಡೆಸಿಬಲ್ ಮುಟ್ಟಿದರೆ ಹದಿನೈದೇ ನಿಮಿಷ. ಸಣ್ಣ ಕೋಣೆಯಲ್ಲಿ ಡ್ರಮ್ಮಿನ ಹತ್ತಿರ ಅಷ್ಟು ಸದ್ದು ಸುಲಭವಾಗಿ ಆಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ ಒಂದು ಜೊತೆ ಜೇಬಿನಲ್ಲಿಟ್ಟುಕೊಳ್ಳಿ. ಅದು ತಾಳದ ಝಣಝಣವನ್ನೂ ಮಾತಿನ ಸ್ಪಷ್ಟತೆಯನ್ನೂ ಒಂದಿಷ್ಟು ನುಂಗುತ್ತದೆ, ನಿಜ. ಮೇಲಿಂದ ಮೇಲೆ ಹೋಗುವವರು ಸಂಗೀತಗಾರರೇ ಹಾಕುವ ಫಿಲ್ಟರ್ ಇರುವ ಪ್ಲಗ್ ಕೊಂಡರೆ ಸದ್ದು ಕಡಿಮೆಯಾಗುತ್ತದೆ, ಬಣ್ಣ ಕೆಡುವುದಿಲ್ಲ. ಮಾರನೆಯ ದಿನ ಮಧ್ಯಾಹ್ನವಾದರೂ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಕಿವಿಯ ಡಾಕ್ಟರ ಹತ್ತಿರ ಹೋಗಿ.

ಒಳಹೋದ ಕೂಡಲೇ ಎರಡನೇ ಬಾಗಿಲು ಎಲ್ಲಿದೆ ನೋಡಿಕೊಳ್ಳಿ, ಅದರಲ್ಲೂ ಮೇಲಿನ ಮಹಡಿಯ ಪಬ್ ಆದರೆ. 2017ರ ಡಿಸೆಂಬರ್‌ನಲ್ಲಿ ಮುಂಬೈಯ ಕಮಲಾ ಮಿಲ್ಸ್‌ನ ಮೇಲ್ಮಹಡಿ ಪಬ್‌ನಲ್ಲಿ ಹತ್ತಿದ ಬೆಂಕಿಗೆ ಸತ್ತವರು 14 ಜನ. ಇರುವುದು ಒಂದೇ ಕಿರಿದಾದ ಮೆಟ್ಟಿಲು, ಅದರ ಮೇಲೂ ಬಿಯರ್ ಪೆಟ್ಟಿಗೆ ಪೇರಿಸಿಟ್ಟಿದ್ದಾರೆ ಎಂದಾದರೆ ಬ್ಯಾಂಡು ಎಷ್ಟೇ ಇಷ್ಟವಾದರೂ ಬಾಗಿಲ ಹತ್ತಿರವೇ ನಿಲ್ಲಿ. ನಾಲ್ವರೂ ತಪ್ಪಿಸಿಕೊಂಡರೆ ಸೇರುವ ಜಾಗ ಒಂದನ್ನು ಮೊದಲೇ ಹೇಳಿಕೊಂಡಿರಿ. ಒಳಗೆ ಫೋನಿನ ಸಿಗ್ನಲ್ ಎಷ್ಟೋ ಕಡೆ ಸಿಗುವುದಿಲ್ಲ, ಸಿಕ್ಕರೂ ರಿಂಗ್ ಕೇಳುವುದಿಲ್ಲ.

ವಿಡಿಯೊ ಒಂದು ಹಾಡಿಗೆ ಸಾಕು. ಸಣ್ಣ ಕೋಣೆಯಲ್ಲಿ ನೀವು ಎತ್ತಿಹಿಡಿದ ಫೋನು ಹಿಂದಿನವರ ಇಡೀ ನೋಟವನ್ನು ಮುಚ್ಚುತ್ತದೆ. ಅದಕ್ಕಿಂತ ಕಿರಿಕಿರಿ, ಮೆಲ್ಲಗಿನ ಹಾಡಿನ ನಡುವೆ ಬಾರಿನ ಹತ್ತಿರ ಜೋರಾಗಿ ಆಫೀಸಿನ ಕಥೆ ಹೇಳುವವರದು. ಅವರು ಹಾಡುಗಾರನಿಗೂ ಕೇಳಿಸುತ್ತಾರೆ. ಬೆಂಗಳೂರಿನಲ್ಲಿ ಯಾವ ಬ್ಯಾಂಡು ಬಂದರೂ ಹಿಂದಿನಿಂದ ಒಬ್ಬ "ಕನ್ನಡ ಹಾಡು!" ಎಂದು ಕೂಗೇ ಕೂಗುತ್ತಾನೆ. ಹಾಡುಗಳ ನಡುವೆ, ಒಂದು ಸಲ, ನಗುತ್ತಾ ಕೂಗಿದರೆ ಯಾರಿಗೂ ಬೇಸರವಿಲ್ಲ. ಕನ್ನಡ ಬರುವ ಬ್ಯಾಂಡಿನವರಾದರೆ ಖುಷಿಯಿಂದಲೇ ಒಪ್ಪುತ್ತಾರೆ. ಪ್ರತಿ ಹಾಡಿಗೂ ಕೂಗಿದರೆ ಪಕ್ಕದ ಕನ್ನಡಿಗರೇ ತಿರುಗಿ ನೋಡುತ್ತಾರೆ.

ಮುಗಿದ ಮೇಲಿನ ಅರ್ಧ ಗಂಟೆ

ದೊಡ್ಡ ಮೈದಾನದಲ್ಲಿ ಸಿಗದ ಅರ್ಧ ಗಂಟೆ ಇದು, ಬಸ್ಸಿನ ಅವಸರದಲ್ಲಿ ಇದನ್ನೇ ಜನ ಬಿಟ್ಟು ಓಡುವುದು. ಸಣ್ಣ ಬ್ಯಾಂಡ್‌ಗಳಲ್ಲಿ ಕೇಬಲ್ ಸುತ್ತುವುದು, ಪೆಡಲ್ ಪೆಟ್ಟಿಗೆಗೆ ತುಂಬುವುದೆಲ್ಲ ಅವರೇ. ಆ ಹೊತ್ತಿನಲ್ಲಿ ವೇದಿಕೆ ಏರಿ ಸೆಲ್ಫಿ ಕೇಳಬೇಡಿ, ಕಾಲು ತಾಗಿ ಏನಾದರೂ ಮುರಿದರೆ ಅದರ ಬೆಲೆ ನಿಮ್ಮ ನಾಲ್ವರ ಇಡೀ ಪ್ರವಾಸದ ಖರ್ಚಿಗಿಂತ ಹೆಚ್ಚಿರಬಹುದು. ಸಾಮಾನು ಕಟ್ಟಿದ ಮೇಲೆ ಅವರೇ ಕೆಳಗಿಳಿದು ಬರುತ್ತಾರೆ, ನೀರು ಕುಡಿಯುತ್ತಾ ನಿಲ್ಲುತ್ತಾರೆ. ಆಗ ಹೋಗಿ ಯಾವ ಊರಿಂದ ಬಂದಿರಿ ಎಂದು ಹೇಳಿ. "ಸೂಪರ್ ಸರ್" ಎನ್ನುವುದಕ್ಕಿಂತ ಯಾವ ಹಾಡಿನ ಯಾವ ಭಾಗ ಹಿಡಿಸಿತು ಎಂದರೆ ಮಾತು ಬೆಳೆಯುತ್ತದೆ. ಹಾಡಿನ ಪಟ್ಟಿಯ ಚೀಟಿ ಬೇಕಿದ್ದರೆ ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ. ಬಾಗಿಲ ಹತ್ತಿರ ಟೀ ಶರ್ಟೋ ಸಿಡಿಯೋ ಮಾರಲು ಇಟ್ಟಿದ್ದರೆ ನಾಲ್ವರಲ್ಲಿ ಒಬ್ಬರಾದರೂ ಕೊಳ್ಳಿ. ಫೋನಿನಲ್ಲಿ ಅವರ ಹಾಡನ್ನು ಸಾವಿರ ಸಲ ಕೇಳಿದರೂ ಆ ಟೀ ಶರ್ಟಿನಷ್ಟು ದುಡ್ಡು ಅವರ ಕೈಗೆ ಹೋಗುವುದಿಲ್ಲ.

ಕ್ಯಾಬು ಬುಕ್ ಮಾಡುವುದನ್ನು ಬಾಗಿಲ ಮುಂದೆ ನಿಂತು ಮಾಡಬೇಡಿ. ಆ ಗಳಿಗೆಯಲ್ಲಿ ಇನ್ನೂರು ಜನ ಅದೇ ಬಾಗಿಲಿಗೆ ಕ್ಯಾಬು ಕರೆಯುತ್ತಿರುತ್ತಾರೆ. ಎರಡು ಅಡ್ಡರಸ್ತೆ ನಡೆದು ಮುಖ್ಯರಸ್ತೆಗೆ ಬಂದರೆ ದರವೂ ಇಳಿಯಬಹುದು, ಡ್ರೈವರ್‌ಗೂ ತಿರುಗಿಸಿಕೊಳ್ಳುವ ತಾಪತ್ರಯ ಇರುವುದಿಲ್ಲ. ಹುಡುಗಿಯರು ಬೇರೆ ಕ್ಯಾಬಿನಲ್ಲಿ ಹೋಗುವುದಾದರೆ ಲೈವ್ ಲೊಕೇಷನ್ ಗುಂಪಿಗೆ ಹಾಕಲಿ, ರೂಮು ಸೇರಿದ ಮೆಸೇಜ್ ಬರುವವರೆಗೆ ಉಳಿದವರು ಮಲಗದಿರಲಿ.

ಭಾನುವಾರ ಬೆಳಗ್ಗೆ ಬಸವನಗುಡಿಯ ವಿದ್ಯಾರ್ಥಿ ಭವನದ ದೋಸೆಗೆ ಹೋಗುವುದಾದರೆ ಬೇಗ ಹೋಗಿ, ಹೆಸರು ಬರೆಸಿ ಕಾಯಬೇಕಾಗುತ್ತದೆ. ಗುರುವಾರದ ಕಾರ್ಯಕ್ರಮಕ್ಕೆ ಬಂದವರಿಗೆ ಆ ದೋಸೆ ಇಲ್ಲ, ಶುಕ್ರವಾರ ಅವರಿಗೆ ರಜೆ.

ಇನ್ನು ಕಾರ್ಯಕ್ರಮವೇ ರದ್ದಾದರೆ? ಸಣ್ಣ ಜಾಗಗಳಲ್ಲಿ ಇದು ಆಗುತ್ತಿರುತ್ತದೆ: ಹಾಡುಗಾರನ ಗಂಟಲು ಕೆಡಬಹುದು, ಪರವಾನಗಿ ಸಿಗದೇ ಹೋಗಬಹುದು, ಟಿಕೆಟ್ ಸಾಕಷ್ಟು ಮಾರಾಟವಾಗದೆ ಮುಂದಕ್ಕೆ ಹಾಕಬಹುದು. ಟಿಕೆಟ್ ದುಡ್ಡು ವಾಪಸ್ ಬರುತ್ತದೆ, ಆದರೆ ಬುಕಿಂಗ್ ಶುಲ್ಕ ಬರುತ್ತದೆ ಎಂಬ ಖಾತ್ರಿ ಇಲ್ಲ, ಬಸ್ಸು ರೂಮಿನ ದುಡ್ಡು ಯಾರೂ ಕೊಡುವುದಿಲ್ಲ. ಆದ್ದರಿಂದ ಹೊರಡುವ ದಿನ ಬೆಳಗ್ಗೆ ಒಮ್ಮೆ ಆ ಜಾಗದ ಪುಟ ನೋಡಿ. ರೂಮನ್ನು ರದ್ದು ಮಾಡಲು ಬರುವ ದರದಲ್ಲೇ ಬುಕ್ ಮಾಡಿ, ನೂರಿನ್ನೂರು ಹೆಚ್ಚಾದರೂ ಸರಿ. ಬೆಂಗಳೂರು ತಲುಪಿದ ಮೇಲೆ ಸುದ್ದಿ ಗೊತ್ತಾದರೆ ಲಾಡ್ಜಿನಲ್ಲಿ ಮುಖ ಸಪ್ಪೆ ಮಾಡಿಕೊಂಡು ಕೂರಬೇಡಿ. ಸೋಮವಾರ ಒಂದು ಬಿಟ್ಟು ರಂಗಶಂಕರದಲ್ಲಿ ನಾಟಕ ಇರುತ್ತದೆ, ಹಸಿರು ಮಾರ್ಗ ಹಿಡಿದು ಇಳಿದರೆ ಅಲ್ಲಿಂದ ಆಟೊ. ಎರಡು ಆಟೊ, ನಾಲ್ವರಿದ್ದೀರಿ.